ಎಸ್‌ಎಸ್‌ಎಲ್‌ಸಿಗೆ ಹಳೆ ಪ್ರಶ್ನೆಪತ್ರಿಕೆಯೋ, ಪುಸ್ತಕ ಮುಚ್ಚಿ ಬರೆಯುವುದೋ?

ಖರ್ಚಿನಲ್ಲಿ ಹೆಚ್ಚು ಕಡಿಮೆಯಿಲ್ಲ: ಹಳೆ ಪತ್ರಿಕೆ ಬಿಡಿಸಲು ಜೆರಾಕ್ಸ್ ದುಡ್ಡು, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ರಫ್ ಪುಸ್ತಕ.

ವ್ಯತ್ಯಾಸವಿರುವುದು ಸಮಯದಲ್ಲಿ. ಗಣಿತದ ಪತ್ರಿಕೆಗೆ, ಪ್ರಶ್ನೆ ಓದುವ 15 ನಿಮಿಷ ಸೇರಿ, ಮೂರೂಕಾಲು ಗಂಟೆ ಎದ್ದೇಳದೆ ಕೂರಬೇಕು. ತಿದ್ದಲು ಇನ್ನೊಂದು ಗಂಟೆ. ತಿದ್ದದಿದ್ದರೆ ಕೂತಿದ್ದೇ ದಂಡ. ಮುಚ್ಚಿ ಬರೆಯಲು 20 ನಿಮಿಷ ಸಾಕು. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಗೆ ಕರೆಂಟ್ ಹೋದರೂ, ಭಾಗಮಂಡಲದಿಂದ ಮಡಿಕೇರಿಗೆ ಬಸ್ಸಲ್ಲಿ ಬರುವಾಗಲೂ ಬಾಯಲ್ಲೇ ಹೇಳಿಕೊಳ್ಳಬಹುದು.

ತಪ್ಪು ಹಿಡಿಯುವುದರಲ್ಲಿ ಎರಡರ ದಾರಿ ಬೇರೆ. 6 ಓಮ್, 3 ಓಮ್ ರೋಧಕಗಳ ಸಮಾಂತರ ಜೋಡಣೆ ನೋಡಿ. ಸೂತ್ರ ಬಾಯಿಪಾಠವಿದ್ದರೂ 1/6 + 1/3 = 1/2 ಎಂದು ಬರೆದು ಅಲ್ಲೇ ನಿಲ್ಲಿಸುವವರುಂಟು; ತಲೆಕೆಳಗು ಮಾಡಿದರೇ ಉತ್ತರ 2 ಓಮ್. ಇಂಥದ್ದು ಲೆಕ್ಕ ಬಿಡಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಸಮಾಜದ ಇಸವಿ, ಜೀವಶಾಸ್ತ್ರದ ಚಿತ್ರದ ಭಾಗಗಳು ಮರೆತಿದ್ದರೆ ಮುಚ್ಚಿ ಬರೆದಾಗಲೇ ಗೊತ್ತಾಗುತ್ತದೆ.

ಪಾಠಗಳೇ ಮುಗಿದಿಲ್ಲವೆಂದರೆ ಹಳೆ ಪತ್ರಿಕೆಗೆ ಈಗಲೇ ಕೈ ಹಾಕಬೇಡಿ, ಸುಮ್ಮನೆ ಧೈರ್ಯ ಕೆಡುತ್ತದೆ. ಎಲ್ಲ ಗೊತ್ತಿದ್ದೂ ಕೊನೆಯ ಪ್ರಶ್ನೆಗೆ ಹೊತ್ತು ಸಾಲದವರಿಗೆ ಅದೇ ಮದ್ದು. ಜನವರಿಯಲ್ಲಿ ಮನೆಯವರೊಂದಿಗೆ ಕಾಫಿ ಕುಯ್ಲಿಗೆ ನಿಲ್ಲುವವರು ವಾರದ ದಿನ ಮುಚ್ಚಿ ಬರೆದು, ಭಾನುವಾರ ಒಂದೇ ಪತ್ರಿಕೆ ಇಟ್ಟುಕೊಳ್ಳಲಿ.