ಬಿಕಿನಿ ಟ್ರಿಮ್ಮರ್ ತಗೊಂಡು ಆರು ತಿಂಗಳಾಯ್ತು, ನನ್ ಅನುಭವ

ಗುಪ್ತಾಂಗದ ಸುತ್ತ ಇರೋ ಕೂದ್ಲು ಕಟ್ ಮಾಡೋ ಈ ಪುಟ್ಟ ಮಶೀನ್ ಬಗ್ಗೆ ಯಾರೂ ಬಾಯ್ಬಿಟ್ಟು ಹೇಳಲ್ಲ, ಮೆಡಿಕಲ್ ಶಾಪಲ್ಲಿ ಕೇಳಿದ್ರೂ ಪೇಪರಲ್ಲಿ ಸುತ್ತಿ ಕೊಡ್ತಾರೆ, ಅದಕ್ಕೇ ನಾನೇ ಬರೀತಿದೀನಿ. ಮುಂಚೆ ಹೇರ್ ರಿಮೂವಲ್ ಕ್ರೀಮ್ ಹಚ್ತಿದ್ದೆ, ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಗುಪ್ತಾಂಗಕ್ಕೆ ಬೇಡ ಅಂತ ಬರ್ದಿದ್ದನ್ನ ಓದ್ದೆ ಹಚ್ಚಿ ಎರಡು ದಿನ ಕೂರಕ್ಕೂ ಆಗ್ದೆ ಒದ್ದಾಡಿದೀನಿ. ಅದ್ರಲ್ಲಿರೋ ಥಯೋಗ್ಲೈಕೊಲೇಟ್ ಅನ್ನೋ ಕೆಮಿಕಲ್ ಕೂದಲಿನ ಕೆರಟಿನ್ ಅನ್ನೋ ಪ್ರೋಟೀನ್ ಒಡ್ಯುತ್ತೆ, ಚರ್ಮದ ಮೇಲ್ಪದರದಲ್ಲೂ ಕೆರಟಿನ್ನೇ ಇರೋದು, ಉರೀದೆ ಇರುತ್ತಾ! ಆಮೇಲೆ ರೇಜರ್. ಬುಡದವರೆಗೂ ಬೋಳಿಸಿದ್ರೆ ಗುಂಗುರು ಕೂದ್ಲು ಒಳಕ್ಕೇ ಬಾಗಿ ಬೆಳ್ದು ಕೆಂಪು ಗುಳ್ಳೆ, ಕೆರ್ತ.

ಈ ಟ್ರಿಮ್ಮರ್‌ಗೆ ಬಾಚಣಿಗೆ ಥರದ ಕ್ಯಾಪ್ ಹಾಕಿದ್ರೆ ಸ್ವಲ್ಪ ಕೂದ್ಲು ಉಳ್ಸಿ ಕಟ್ ಮಾಡುತ್ತೆ, ನುಣ್ಣಗಾಗಲ್ಲ, ಆದ್ರೆ ಬ್ಲೇಡ್ ಚರ್ಮಕ್ಕೆ ತಾಗಲ್ಲ, ಗುಳ್ಳೆ ಹೆಚ್ಚುಕಮ್ಮಿ ನಿಂತೇ ಹೋಯ್ತು. ಒಣಗಿರುವಾಗ, ಚರ್ಮ ಮೆಲ್ಲಗೆ ಎಳ್ದು ಹಿಡ್ಕೊಂಡು, ಒತ್ತದೆ ಮಾಡ್ಬೇಕು. ಮುಗಿದ್ಮೇಲೆ ತಣ್ಣೀರು, ಕಾಟನ್ ಚಡ್ಡಿ, ಅವತ್ತು ಟೈಟ್ ಜೀನ್ಸ್ ಬೇಡ. ಆಂಟಿಸೆಪ್ಟಿಕ್ ಲಿಕ್ವಿಡ್, ಪೌಡರ್, ಸೆಂಟು ಏನೂ ಹಾಕ್ಬೇಡಿ, ವಾಸನೆ ಇಲ್ದಿರೋ ಮಾಯಿಶ್ಚರೈಸರ್ ಹೊರಗಡೆ ಮಾತ್ರ ಸಾಕು. ಬ್ಲೇಡ್ ತೊಳ್ದು ಒಣಗ್ಸಿಡಿ, ಅಕ್ಕ ತಂಗಿ ಆದ್ರೂ ಶೇರ್ ಮಾಡ್ಬೇಡಿ.

ಬೇಜಾರಿನ ವಿಷ್ಯ ಅಂದ್ರೆ ಸದ್ದು, ಬಾತ್‌ರೂಮಲ್ಲಿ ಮಿಕ್ಸಿ ಹಾಕ್ದಂಗೆ, ಅತ್ತೆ ಮನೇಲಂತೂ ಆನ್ ಮಾಡೋ ಧೈರ್ಯ ಇಲ್ಲ. ಸೆಲ್ಲೂ ಬೇರೆ ತಗೋಬೇಕು. ಐದಕ್ಕೆ ನಾಲ್ಕು ಸ್ಟಾರ್.