ನ್ಹಾವಾ ಶೇವಾಕ್ಕೆ ಬರುವ ಆಫ್ರಿಕಾದ ಗೇರುಬೀಜ: ಸುಂಕಮುಕ್ತ ಸೌಲಭ್ಯ ಎಷ್ಟರಮಟ್ಟಿಗೆ ಲಾಭ?

ಊರಿನ ಗೇರುಬೀಜ ಮಾರ್ಚ್‌ನಿಂದ ಮೇ ತನಕ ಸಿಗುತ್ತದೆ. ಗೋವಾದ ಡಿಚೋಲಿ, ಪೆಡ್ಣೆ, ಕಾಣಕೋಣದ ಕಡೆ ಸಣ್ಣ ಕಾರ್ಖಾನೆ ನಡೆಸುವವರು ಉಳಿದ ತಿಂಗಳು ಬಾಯ್ಲರ್ ಆರಿಸಿ ಕೂರುವಂತಿಲ್ಲ, ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನ ಮೂಲಕ ಆಫ್ರಿಕಾದ ಮಾಲು ತರಿಸಲೇಬೇಕು. ಹಾಗೆ ತರಿಸುವಾಗ ‘ಸುಂಕ ಸೊನ್ನೆ’ ಎಂಬ ಮಾತನ್ನು ಮುಂಬೈಯ ದಲ್ಲಾಳಿಗಳು ಮೊದಲಿಗೇ ಹೇಳುತ್ತಾರೆ. ಮಾತು ನಿಜ. ಆದರೆ ಆ ಸೊನ್ನೆ ತಾನಾಗಿ ಬರುವುದಿಲ್ಲ.

ಸೌಲಭ್ಯದ ಹೆಸರು ಡ್ಯೂಟಿ ಫ್ರೀ ಟ್ಯಾರಿಫ್ ಪ್ರಿಫರೆನ್ಸ್, ಬಾಯಿಮಾತಿನಲ್ಲಿ ಡಿಎಫ್‌ಟಿಪಿ. ಅತಿ ಹಿಂದುಳಿದ ದೇಶಗಳ ಸರಕಿಗೆ ಭಾರತ 2008ರಲ್ಲಿ ಕೊಟ್ಟ ಏಕಪಕ್ಷೀಯ ರಿಯಾಯಿತಿ ಇದು, ಕಸ್ಟಮ್ಸ್ ಅಧಿಸೂಚನೆ 96/2008. ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ ಇದನ್ನು ಘೋಷಿಸಿದಾಗಲೇ ಹತ್ತಿ, ಕೋಕೋ ಜೊತೆ ಗೇರುಬೀಜದ ಹೆಸರೂ ಇತ್ತು. 2014ರಲ್ಲಿ ವಿಸ್ತರಿಸಿದ ಮೇಲೆ ಸುಮಾರು 98.2% ಸುಂಕ ಸಾಲುಗಳು (ಸುಂಕದ ಪಟ್ಟಿಯಲ್ಲಿನ ಸರಕಿನ ನಮೂದುಗಳು) ಇದರೊಳಗೆ ಬಂದವು. ತಾಂಜಾನಿಯಾ, ಮೊಜಾಂಬಿಕ್, ಗಿನಿ-ಬಿಸಾವ್, ಸೆನೆಗಲ್, ಬುರ್ಕಿನಾ ಫಾಸೊ ಪಟ್ಟಿಯಲ್ಲಿವೆ. ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವ ಐವರಿ ಕೋಸ್ಟ್ ಇಲ್ಲ, ಘಾನಾ ಇಲ್ಲ, ನೈಜೀರಿಯಾವೂ ಇಲ್ಲ. ತೊಡಕೆಲ್ಲ ಹುಟ್ಟುವುದು ಇಲ್ಲಿಯೇ.

ಮೊದಲು ದುಡ್ಡಿನ ಲೆಕ್ಕ. ಸಿಪ್ಪೆಸಹಿತ ಕಚ್ಚಾ ಬೀಜಕ್ಕೆ ಮೂಲ ಸುಂಕ 2.5% (2018ರ ಬಜೆಟ್‌ಗೆ ಮುಂಚೆ 5% ಇತ್ತು), ಆ ಸುಂಕದ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣ ಸರ್ಚಾರ್ಜ್. ಒಟ್ಟು 2.75%. ಒಂದು ಕೋಟಿ ರೂಪಾಯಿ ಮೌಲ್ಯದ ಮಾಲಿಗೆ 2,75,000 ರೂಪಾಯಿ. ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) 5% ಮಾತ್ರ ಮಾಫಿಯಾಗುವುದಿಲ್ಲ. ‘ಎಲ್ಲ ತೆರಿಗೆಯೂ ಇಲ್ಲ’ ಎಂದುಕೊಂಡು ಕೈಯಲ್ಲಿ ದುಡ್ಡಿಟ್ಟುಕೊಳ್ಳದವರ ಮಾಲು ಆ ಐದು ಲಕ್ಷಕ್ಕಾಗಿಯೇ ಬಂದರಿನಲ್ಲಿ ಕಾಯುತ್ತದೆ.

ಇನ್ನು ಕಾಗದ. ಗೇರುಬೀಜ ಕೃಷಿ ಉತ್ಪನ್ನವಾದ್ದರಿಂದ ಮೂಲದ ಷರತ್ತು ಸರಳ: ಆ ದೇಶದಲ್ಲೇ ಬೆಳೆದು ಕೊಯ್ದಿರಬೇಕು. ಬೇರೆ ತಯಾರಿ ಸರಕಿಗಿರುವ 30% ಸ್ಥಳೀಯ ಮೌಲ್ಯ, ಎಚ್‌ಎಸ್ ಕೋಡ್ (ಸರಕಿನ ವರ್ಗೀಕರಣ ಸಂಖ್ಯೆ) ಬದಲಾವಣೆಯ ಲೆಕ್ಕ ಇಲ್ಲಿಲ್ಲ. ಆದರೆ 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ, ಆಮದು ಸರಕಿನ ಮೂಲ ದೇಶ ಪರಿಶೀಲಿಸುವ ಕ್ಯಾರೊಟಾರ್ ನಿಯಮಗಳು ಮತ್ತು ಕಸ್ಟಮ್ಸ್ ಕಾಯ್ದೆಯ 28ಡಿಎ ಕಲಮಿನ ಪ್ರಕಾರ ರಫ್ತು ಮಾಡುವ ದೇಶ ಕೊಡುವ ಮೂಲದ ಪ್ರಮಾಣಪತ್ರ ಒಂದಿದ್ದರೆ ಸಾಲದು, ಅದು ಸತ್ಯ ಎಂದು ತೋರಿಸುವ ಹೊಣೆ ಆಮದುದಾರನದು. ಆ ನಿಯಮಗಳ ಫಾರ್ಮ್ 1ರಲ್ಲಿ ಕೇಳಿದ ಮಾಹಿತಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕುವ ಮೊದಲೇ ಕೈಯಲ್ಲಿರಬೇಕು, ಐದು ವರ್ಷ ಕಾಪಿಡಬೇಕು. ಅಧಿಕಾರಿ ಕೇಳಿದರೆ ಉತ್ತರಿಸಲು ಸಿಗುವುದು ಹತ್ತು ಕೆಲಸದ ದಿನ. ಅಷ್ಟರಲ್ಲಿ ಬಿಸಾವ್‌ನ ವ್ಯಾಪಾರಿಯಿಂದ ಪೋರ್ಚುಗೀಸ್ ಕಾಗದ ತರಿಸಿ, ಅನುವಾದ ಮಾಡಿಸಿ, ಸಲ್ಲಿಸಿ ಮುಗಿಸುವುದು ಆಗದ ಮಾತು. ಆದ್ದರಿಂದ ಖರೀದಿ ಒಪ್ಪಂದದಲ್ಲೇ ಷರತ್ತು ಹಾಕಿ: ಯಾವ ಜಿಲ್ಲೆಯ ಬೆಳೆ, ಯಾರಿಂದ ಕೊಂಡದ್ದು, ಯಾವ ಗೋದಾಮಿನಲ್ಲಿ ಚೀಲ ತುಂಬಿದ್ದು ಎಂಬ ವಿವರ ಬಾರದೆ ಕೊನೆಯ ಕಂತು ಬಿಡುಗಡೆ ಇಲ್ಲ.

ಕೈಕೊಡುವುದು ಹೆಚ್ಚಾಗಿ ಸಾಗಣೆಯ ದಾರಿ. ನಿಯಮ ನೇರ ರವಾನೆ ಕೇಳುತ್ತದೆ. ಮಧ್ಯದ ಬಂದರಿನಲ್ಲಿ ಹಡಗು ಬದಲಾದರೆ ತಪ್ಪಿಲ್ಲ, ಆದರೆ ಮಾಲು ಅಲ್ಲಿನ ಮಾರುಕಟ್ಟೆಗೆ ಇಳಿದಿರಬಾರದು, ಹೊರಟ ದೇಶದಿಂದಲೇ ಥ್ರೂ ಬಿಲ್ ಆಫ್ ಲೇಡಿಂಗ್ (ಕೊನೆಯ ಬಂದರಿನವರೆಗಿನ ಒಂದೇ ಸಾಗಣೆ ಪತ್ರ) ಇರಬೇಕು. ಬುರ್ಕಿನಾ ಫಾಸೊಗೆ ಸಮುದ್ರವಿಲ್ಲ. ಅದರ ಬೀಜ ಲಾರಿಯಲ್ಲಿ ಐವರಿ ಕೋಸ್ಟಿನ ಅಬಿಜಾನ್‌ಗೋ ಘಾನಾದ ಟೆಮಾಕ್ಕೋ ಬಂದು ಹಡಗೇರುತ್ತದೆ. ಬಿಲ್ ಆಫ್ ಲೇಡಿಂಗ್ ಅಬಿಜಾನ್‌ನಿಂದ ಶುರುವಾಗಿದ್ದರೆ ಅಧಿಕಾರಿಗೆ ಬರುವ ಮೊದಲ ಅನುಮಾನ, ಇದು ಐವರಿ ಕೋಸ್ಟಿನ ಬೀಜವೇ ಇರಬೇಕೆಂದು. ಆ ಅನುಮಾನ ನ್ಯಾಯವಾದದ್ದೇ. ಮೊಜಾಂಬಿಕ್‌ನ ನಕಾಲಾ, ತಾಂಜಾನಿಯಾದ ಮ್ತ್ವಾರಾದಿಂದ ಬರುವ ಮಾಲಿಗೆ ಈ ತಲೆನೋವಿಲ್ಲ. ಅಕ್ಟೋಬರ್‌ನಿಂದ ಜನವರಿಯ ಹಂಗಾಮಿನಲ್ಲಿ ಕೊಳ್ಳುವವರು ಮೊದಲ ಸಲ ಅಲ್ಲಿಂದಲೇ ತರಿಸುವುದು ಕ್ಷೇಮ.

ನ್ಹಾವಾ ಶೇವಾದ ವ್ಯವಸ್ಥೆ ಈಗ ಮೊದಲಿಗಿಂತ ಸಲೀಸು. ಕಾಗದಗಳು ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಾದ ಇ-ಸಂಚಿತ್‌ನಲ್ಲಿ ಏರುತ್ತವೆ. ಫೇಸ್‌ಲೆಸ್ ಪದ್ಧತಿಯಿಂದಾಗಿ ಮೌಲ್ಯಮಾಪನ ಬೇರಾವುದೋ ಊರಿನ ಅಧಿಕಾರಿಯ ಮುಂದೆ ಹೋಗುತ್ತದೆ, ಕಾಗದದ ಮೂಲ ಪ್ರತಿಯನ್ನು ಮಾತ್ರ ಇಲ್ಲಿನ ತುರಂತ್ ಸುವಿಧಾ ಕೇಂದ್ರದಲ್ಲಿ ತೋರಿಸಬೇಕು. ಬಿಲ್ ಆಫ್ ಎಂಟ್ರಿಯಲ್ಲಿ ಪ್ರತಿ ಐಟಂ ಎದುರು ಅಧಿಸೂಚನೆ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ, ದಿನಾಂಕ, ಮೂಲದ ಮಾನದಂಡ, ಪ್ರಮಾಣಪತ್ರ ಮೂರನೇ ದೇಶ ಕೊಟ್ಟದ್ದೇ, ನೇರವಾಗಿ ಬಂದಿದೆಯೇ ಎಂಬ ವಿವರ ತುಂಬಬೇಕು. ಇವುಗಳಲ್ಲಿ ಯಾವುದಕ್ಕಾದರೂ ತಪ್ಪು ಉತ್ತರ ಒತ್ತಿದರೆ ಕೆಲಸ ಕೆಟ್ಟಂತೆ. ಪ್ರಮಾಣಪತ್ರದಲ್ಲಿ ಸಹಿಯಿಲ್ಲದ ತಿದ್ದುಪಡಿ, ಚೀಲಗಳ ಸಂಖ್ಯೆಯಲ್ಲಿ ವ್ಯತ್ಯಾಸ, ಫೈಟೊಸ್ಯಾನಿಟರಿ (ಸಸ್ಯ ಆರೋಗ್ಯದ) ಪತ್ರದಲ್ಲಿ ಬೇರೆ ತೂಕ, ಇವನ್ನು ಹಡಗು ಹೊರಡುವ ಮುಂಚೆ ಸ್ಕ್ಯಾನ್ ಪ್ರತಿಯಲ್ಲೇ ಹಿಡಿಯಬೇಕು.

ಅನುಮಾನ ಬಂದು ಪರಿಶೀಲನೆಗೆ ಹೋದರೆ ವ್ಯತ್ಯಾಸದ ಸುಂಕಕ್ಕೆ ಭದ್ರತೆ ಕೊಟ್ಟು ಮಾಲು ಬಿಡಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿಯಿದೆ. ಅದನ್ನು ಕೂಡಲೇ ಬಳಸಿ. ಗೇರುಬೀಜ ಕಬ್ಬಿಣವಲ್ಲ. ಮಳೆಗಾಲದಲ್ಲಿ ಕಂಟೇನರ್ ಒಳಗೆ ಬೆವರಿಳಿದು ತೇವ 10% ದಾಟಿದರೆ ಬೂಸ್ಟು ಹಿಡಿಯುತ್ತದೆ, ಜೊತೆಗೆ ದಿನದಿನವೂ ಡಿಟೆನ್ಷನ್ (ಕಂಟೇನರ್ ತಡವಾಗಿ ಮರಳಿಸುವ ಶುಲ್ಕ) ಏರುತ್ತದೆ. ಕಾಗದ ದುರ್ಬಲವಾಗಿದ್ದರೆ ರಿಯಾಯಿತಿಯ ಆಸೆ ಬಿಟ್ಟು 2.75% ಕಟ್ಟುವುದೇ ಲೇಸು. ಒಬ್ಬ ರಫ್ತುದಾರನ ಮಾಲಿನ ಮೂಲ ಸುಳ್ಳೆಂದು ತೀರ್ಮಾನವಾದರೆ, ಅವನಿಂದ ಬರುವ ಅದೇ ಸರಕಿನ ಮುಂದಿನ ರಿಯಾಯಿತಿಗಳೂ ತಪ್ಪಬಹುದು.

ಸುಂಕಕ್ಕಾಗಿ ದೇಶ ಆರಿಸುವುದು ದೊಡ್ಡ ತಪ್ಪು. ಔಟ್‌ಟರ್ನ್ ಎಂದರೆ 80 ಕಿಲೋ ಚೀಲದಲ್ಲಿ ಸಿಗುವ ತಿರುಳಿನ ಪೌಂಡ್. 48 ಬರುವ ಮಾಲಿಗೂ 47 ಬರುವುದಕ್ಕೂ ತಿರುಳಿನಲ್ಲಿ 2% ವ್ಯತ್ಯಾಸ. ಅಂದರೆ ಒಂದೂವರೆ ಪೌಂಡ್ ಕಡಿಮೆ ಬಂದರೆ ಉಳಿಸಿದ ಸುಂಕವೆಲ್ಲ ಅಲ್ಲಿಗೇ ಹೋಯಿತು. ಮೊದಲು ಕಟಿಂಗ್ ಟೆಸ್ಟ್ (ಮಾದರಿ ಬೀಜ ಕತ್ತರಿಸಿ ತಿರುಳು ನೋಡುವುದು), ಒಂದು ಕಿಲೋಗೆ ಎಷ್ಟು ಬೀಜ, ತೇವ ಎಷ್ಟು ಎಂಬುದು, ಆಮೇಲೆ ಸುಂಕ. ಐವರಿ ಕೋಸ್ಟಿನ ಒಳ್ಳೆಯ ಮಾಲು ಸುಂಕ ಕಟ್ಟಿಯೂ ಅಗ್ಗವಾಗುವ ಹಂಗಾಮುಗಳಿವೆ.

ಸರಿಯಾಗಿ ಕಾಗದ ಜೋಡಿಸುವವರಿಗೆ ಈ ಸೌಲಭ್ಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ವರ್ಷಕ್ಕೆ ಒಂದೇ ಕಂಟೇನರ್ ತರಿಸುವವರಿಗೆ ಎರಡೂವರೆ. ಗೋವಾದವರಿಗೆ ಇನ್ನೊಂದು ಮಾತು: ‘ಗೋವಾ ಗೋಡಂಬಿ’ಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆಫ್ರಿಕಾದ ಬೀಜವನ್ನು ಡಿಚೋಲಿಯಲ್ಲಿ ಸುಲಿದ ಮಾತ್ರಕ್ಕೆ ಅದು ಗೋವಾದ್ದಾಗುವುದಿಲ್ಲ. ಎರಡರ ಚೀಲ, ಲೆಡ್ಜರ್, ಪ್ಯಾಕಿಂಗ್ ಮೊದಲ ದಿನದಿಂದಲೇ ಬೇರೆ ಬೇರೆ ಇಡಿ.