ಮಳೆ ಬಂತು ಅಂತ ಇದ್ದಿಲಿನ ಗ್ರಿಲ್ಲನ್ನು ಶೆಡ್ಡಿನೊಳಗೆ ತಳ್ಳಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದ್ದಿಲು ಹಾಕಿದ ಗ್ರಿಲ್ಲನ್ನು ಯಾವ ಕಾರಣಕ್ಕೂ ಶೆಡ್ಡು, ಗ್ಯಾರೇಜು, ಟೆಂಟಿನೊಳಗೆ ತರಬೇಡಿ. ಕೆಂಡ ಆರಿದ ಹಾಗೆ ಕಂಡರೂ ತರಬೇಡಿ. ನಾವು ತಂದೆವು. ಒಂದೇ ರಾತ್ರಿ ಮನೆಯ ಐದು ಜನ ಆಸ್ಪತ್ರೆ ಸೇರಿದೆವು.

ನಮ್ಮದು ಮೂಡಿಗೆರೆ ಕಡೆ. ಸಣ್ಣ ಕಾಫಿ ತೋಟ, ಹಳೆ ಮನೆ, ಮನೆ ಮುಂದೆ ಸಿಮೆಂಟಿನ ಕಣ. ಕೊಯ್ಲು ಮುಗಿದು ಕಾಫಿ ಚೀಲಕ್ಕೆ ಹೋದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ನಮ್ಮನೆಯವರಿಗೂ ಮೈದುನನಿಗೂ ಯಾವುದೋ ಹೋಂಸ್ಟೇಯಲ್ಲಿ ನೋಡಿ ಬಂದ ಮೇಲೆ ಬಾರ್ಬೆಕ್ಯೂ ಹುಚ್ಚು ಹತ್ತಿತು. ಇಪ್ಪತ್ತು ಜನಕ್ಕೆ ಒಂದೇ ಸಲಕ್ಕೆ ಆಗಬೇಕು ಅಂತ ಹಾಸನದ ಕಡೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದರು. ನಾವಿರುವುದು ಎರಡೂ ಮನೆ ಸೇರಿ ಏಳು ಜನ. ಇಪ್ಪತ್ತು ಜನ ಸೇರುವುದು ಹಬ್ಬಕ್ಕೆ ಮಾತ್ರ. ಹಬ್ಬಕ್ಕೆ ಬಂದವರಿಗೆ ಕಡುಬು, ಕೋಳಿ ಸಾರೇ ಆಗಬೇಕು. ಗ್ರಿಲ್ ಯಾರಿಗೆ ಬೇಕು ಹೇಳಿ?

ಬಂದದ್ದು 200 ಲೀಟರಿನ ಕಬ್ಬಿಣದ ಡ್ರಮ್ಮು. ಉದ್ದಕ್ಕೆ ಸೀಳಿ, ಕೀಲು ಹಾಕಿ, ನಾಲ್ಕು ಕಾಲು, ಎರಡು ಚಕ್ರ ಕೂರಿಸಿದ್ದರು. ಮೂರು ಅಡಿ ಉದ್ದ, ಹತ್ತಿರ ಹತ್ತಿರ ಎರಡು ಅಡಿ ಅಗಲ. 14 ಸಾವಿರ ರೂಪಾಯಿ ಕೊಟ್ಟೆವು. ಹೊರಗೆ ಫಳಫಳ ಹೊಳೆಯುವ ಕಪ್ಪು ಬಣ್ಣ. ಮೈದುನ ಚಕ್ರವನ್ನೇ ಹೊಗಳಿದ್ದು ಹೊಗಳಿದ್ದು. "ಅತ್ತಿಗೆ, ನೀವೇ ಒಂದು ಕೈಯಲ್ಲಿ ತಳ್ಳಬಹುದು ನೋಡಿ" ಅಂದ. ಆ ಮಾತು ಆಮೇಲೆ ಎಷ್ಟು ಸಲ ನೆನಪಾಯಿತೋ.

ಮೊದಲ ದಿನವೇ ಅದು ತನ್ನ ಬುದ್ಧಿ ತೋರಿಸಿತ್ತು. ನಾವು ಗಮನ ಕೊಡಲಿಲ್ಲ ಅಷ್ಟೇ. ಡ್ರಮ್ಮಿನಲ್ಲಿ ಮೊದಲು ಏನಿತ್ತೋ ಗೊತ್ತಿಲ್ಲ. ಒಳಗಿನ ಬಣ್ಣ ಸುಡದೆ ಹಾಗೇ ಕೊಟ್ಟಿದ್ದರು. ಬೆಂಕಿ ಹಾಕಿದ ಕೂಡಲೇ ಕಣ್ಣು ಉರಿಯುವ ವಾಸನೆ. ಇದ್ದಿಲು ಬೇಗ ಹತ್ತಲಿ ಅಂತ ಸೀಮೆಎಣ್ಣೆ ಸುರಿದರು, ಕೋಳಿಯೂ ಸೀಮೆಎಣ್ಣೆಯೇ ಆಯಿತು. ಅಷ್ಟು ದೊಡ್ಡ ತಳ ತುಂಬಲು ಆರು ಕಿಲೋ ಇದ್ದಿಲು ಹೋಯಿತು. ಬಿಸಿ ಜಾಸ್ತಿ ಕಡಿಮೆ ಮಾಡಲು ದಾರಿಯೇ ಇಲ್ಲ. ಕೆಳಗೆ ಗಾಳಿಗೆ ಕಿಂಡಿ ಇಟ್ಟಿರಲಿಲ್ಲ. ಮೇಲೆ ಶೋಕಿಗೆ ಒಂದು ಕೊಳವೆ. ಮುಚ್ಚಳವೂ ಸರಿಯಾಗಿ ಕೂರುತ್ತಿರಲಿಲ್ಲ, ಸುತ್ತ ಬೆರಳು ತೂರುವಷ್ಟು ಸಂದು. ಕೋಳಿ ಹೊರಗೆ ಕರಿ, ಮೂಳೆ ಹತ್ತಿರ ಕೆಂಪು.

ಜಾಲರಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದು ಜಿಐ ಜಾಲರಿ. ಕೋಳಿಗೂಡಿಗೆ, ಕಿಟಕಿಗೆ ಹಾಕುತ್ತೇವಲ್ಲ, ಅದೇ. ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಸತುವಿನ ಲೇಪ ಇರುತ್ತದೆ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಚೆನ್ನಾಗಿ ನಿಗಿನಿಗಿ ಅನ್ನುವ ಇದ್ದಿಲ ಕೆಂಡ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಲೇಪ ಸುಟ್ಟು ಬಿಳಿ ಹೊಗೆ ಎದ್ದರೆ ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈನೋವು ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಹಳೆಯ ಕಥೆ. ಅವರೇ ಜಾಲರಿ ಹಾಕಿ ಕೊಟ್ಟರು ಅನ್ನುವುದೇ ನನಗೆ ಸಿಟ್ಟು. ಇನ್ನೊಂದು ವಿಷಯ: ಹುಳಿ ತಾಗಿದರೆ ಸತು ಕರಗಿ ಊಟಕ್ಕೆ ಸೇರುತ್ತದೆ. ನಾವು ಮಾಂಸಕ್ಕೆ ಹಾಕುವುದೇ ನಿಂಬೆಹುಳಿ, ಮೊಸರು. ಕೊಡಗಿನ ನೆಂಟರಾದರೆ ಕಾಚಂಪುಳಿ ಅನ್ನುವ ಕಪ್ಪು ಹುಳಿ. ಎರಡನೇ ಸಲಕ್ಕೆ ಜಾಲರಿ ಮೇಲೆ ಬಿಳಿ ಪುಡಿ ಎದ್ದಿತ್ತು. ನಾನು ಬೂದಿ ಅಂತ ಒರೆಸಿಟ್ಟೆ.

ಈಗ ಆ ರಾತ್ರಿಗೆ ಬರುತ್ತೇನೆ. ಮಾರ್ಚ್ ಕೊನೆಯ ವಾರ. ಸಂಜೆ ಆರೂವರೆಗೆ ಬೆಂಕಿ ಹಾಕಿ, ಏಳೂವರೆಗೆ ಹಂದಿ ತುಂಡು ಜಾಲರಿ ಮೇಲೆ ಇಟ್ಟಿದ್ದೆವು. ಎಂಟಕ್ಕೆ ಗುಡುಗು. ತೋಟದವರಿಗೆ ಮಾರ್ಚಿನ ಗುಡುಗು ಅಂದರೆ ಹಬ್ಬ, ಕಾಫಿ ಹೂ ಅರಳಿಸುವ ಹೂಮಳೆ! ನಮ್ಮನೆಯವರು ಕಣದ ನಡುವೆ ನಿಂತು ಮುಖ ಒಡ್ಡಿ ನಗುತ್ತಿದ್ದರು. ಮಾಂಸ ಇನ್ನೂ ಅರ್ಧ ಬೆಂದಿಲ್ಲ. ಪಕ್ಕದಲ್ಲೇ ಕಾರ್ ಶೆಡ್ಡು. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ಶೀಟು, ಮುಂದೆ ಶಟರ್. "ಚಕ್ರ ಇದೆಯಲ್ಲ, ಒಳಗೆ ತಳ್ಳಿ ಅತ್ಲಾಗೆ" ಅಂದವಳು ನಾನೇ. ತಳ್ಳಿದೆವು. ಇರಚಲು ಹೊಡೆಯಿತು ಅಂತ ಶಟರ್ ಮುಕ್ಕಾಲು ಭಾಗ ಇಳಿಸಿದೆವು. ಮಾಂಸ ಬೆಂದ ಮೇಲೆ ಮುಚ್ಚಳ ಹಾಕಿ, ಕೆಂಡ ತಾನಾಗಿ ಆರುತ್ತದೆ ಅಂದುಕೊಂಡು, ಅಲ್ಲೇ ಕುರ್ಚಿ ಹಾಕಿ ಊಟಕ್ಕೆ ಕೂತೆವು. ಬೆಚ್ಚಗೆ, ಹೊಗೆಯೂ ಇಲ್ಲ. ಎಷ್ಟು ಚೆನ್ನಾಗಿದೆ ಅಂದುಕೊಂಡೆವು.

ಅತ್ತೆಯೂ ನನ್ನ ಮಗಳೂ ಮನೆಯೊಳಗೆ ಇದ್ದರು. ಶೆಡ್ಡಿನಲ್ಲಿ ನಾನು, ನಮ್ಮನೆಯವರು, ಮೈದುನ, ಓರಗಿತ್ತಿ, ಅವಳ ಒಂಬತ್ತು ವರ್ಷದ ಮಗ. ಒಂಬತ್ತೂವರೆ ಹೊತ್ತಿಗೆ ನನಗೆ ಹಣೆ ಹಿಡಿದ ಹಾಗೆ ತಲೆನೋವು. ಓರಗಿತ್ತಿ ತನಗೂ ಅಂದಳು. ಹುಡುಗ ವಾಂತಿ ಮಾಡಿದ. ಹಂದಿ ಸರಿಯಾಗಿ ಬೆಂದಿಲ್ಲ, ಗ್ಯಾಸ್ಟ್ರಿಕ್ ಆಗಿದೆ ಅಂತ ನಿಂಬೆ ಸೋಡಾ ಕುಡಿಸಿದೆವು. ಗಂಡಸರು ಒಂದೆರಡು ಪೆಗ್ ಹಾಕಿದ್ದರು, ಅವರ ತಲೆಸುತ್ತು ಅದರ ಲೆಕ್ಕಕ್ಕೆ ಹೋಯಿತು. ಕೋವಿಡ್ ಸಮಯದಲ್ಲಿ ತಂದಿದ್ದ ಬೆರಳಿಗೆ ಹಾಕುವ ಮೀಟರ್ ಕಾರಿನಲ್ಲೇ ಇತ್ತು. ಹುಡುಗನ ಬೆರಳಿಗೆ ಹಾಕಿದರೆ 98. ಸದ್ಯ, ಏನೂ ಇಲ್ಲ ಅಂತ ಸಮಾಧಾನ ಪಟ್ಟುಕೊಂಡೆವು.

ಅತ್ತೆ ಬಾರದಿದ್ದರೆ ಏನಾಗುತ್ತಿತ್ತೋ. ಪಾತ್ರೆ ತಗೊಂಡು ಹೋಗಲು ಬಂದವರು ಶಟರ್ ಎತ್ತಿ, "ಏನ್ರೋ ಇದು, ಒಬ್ಬರೂ ಮಾತಾಡಲ್ವಲ್ಲ" ಅಂದರು. ಹುಡುಗ ಕುರ್ಚಿಯಲ್ಲೇ ವಾಲಿದ್ದ. ಎಬ್ಬಿಸಿದರೆ ಕಣ್ಣು ಬಿಡಲಿಲ್ಲ. ನಾನು ಏಳಲು ಹೋದೆ, ಮೊಣಕಾಲು ನಿಲ್ಲಲಿಲ್ಲ. ಅತ್ತೆ ಹುಡುಗನನ್ನು ರಟ್ಟೆ ಹಿಡಿದು ಮಳೆಗೇ ಎಳೆದುಹಾಕಿದರು. ಅವರಿಗೆ ವಿಜ್ಞಾನ ಗೊತ್ತಿರಲಿಲ್ಲ, ಗಾಳಿ ಬೇಕು ಅಂತ ಗೊತ್ತಿತ್ತು. ಪಕ್ಕದ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಜೀಪು ತಂದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಏನು ತಿಂದಿರಿ ಅಂತ ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿದರು. "ಎಲ್ಲರಿಗೂ ಒಟ್ಟಿಗೇ ತಲೆನೋವು ಶುರುವಾಯಿತಾ? ಎಲ್ಲಿ ಕೂತಿದ್ದಿರಿ? ಅಲ್ಲಿ ಬೆಂಕಿ ಇತ್ತಾ?" ಇತ್ತು ಅಂದ ಕೂಡಲೇ ಐದೂ ಜನಕ್ಕೆ ಆಕ್ಸಿಜನ್ ಮಾಸ್ಕ್. ಕಾರ್ಬನ್ ಮಾನಾಕ್ಸೈಡ್ ಅಂದರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇದ್ದಿಲಿಗೆ ಗಾಳಿ ಸಾಕಷ್ಟು ಸಿಗದಿದ್ದರೆ ಈ ಅನಿಲ ಜಾಸ್ತಿ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅಡುಗೆ ಗ್ಯಾಸಿಗಾದರೆ ಸೋರಿದ್ದು ಗೊತ್ತಾಗಲಿ ಅಂತ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಯಾರು ಬೆರೆಸುತ್ತಾರೆ? ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬೆರಳಿನ ಮೀಟರಿಗೆ ಆಕ್ಸಿಜನ್ ಹಿಡಿದ ರಕ್ತಕ್ಕೂ ಇದನ್ನು ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿಯೇ 98. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ, ಮನೆಮನೆಯಲ್ಲಿ ಆ ಮೀಟರ್ ಇದೆ. ಸುಮ್ಮನೆ ಹೊರಗಿನ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು 4-5 ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ. ಆದ್ದರಿಂದ ಮನೆಯಲ್ಲೇ ಮಲಗಿಸಿಕೊಂಡು ನೋಡೋಣ ಅನ್ನಬೇಡಿ. ಹುಡುಗ ಎರಡು ದಿನ ಅಲ್ಲೇ ಇದ್ದ. ಕೆಲವು ವಾರ ಬಿಟ್ಟು ಮರೆವು, ನಡೆ ತಪ್ಪುವುದು ಬರಬಹುದು, ಗಮನಿಸಿ ಅಂತ ಹೇಳಿ ಕಳಿಸಿದರು. ದೇವರ ದಯೆ, ಹಾಗೇನೂ ಆಗಲಿಲ್ಲ.

ನಮಗೆ ಕೆಂಡದ ಭಯ ಇಲ್ಲದಿದ್ದಕ್ಕೆ ಒಂದು ಕಾರಣ ಇದೆ. ಮಲೆನಾಡಿನವರು ಅಗ್ಗಿಷ್ಟಿಕೆ ಮುಂದೆ ಬೆಳೆದವರು. ಬಾಣಂತಿ ಕೋಣೆಯಲ್ಲೂ ಕೆಂಡ ಇಡುತ್ತಿದ್ದರು. "ನಮ್ಮ ಕಾಲದಲ್ಲಿ ಯಾರಿಗೇನಾಯಿತು?" ಅಂತ ಅತ್ತೆಯೇ ಕೇಳಿದರು. ಆ ಮನೆಗಳು ಹೆಂಚಿನವು. ಹೆಂಚಿನ ಸಂದಿಯಲ್ಲಿ, ಗೋಡೆ ಮೇಲಿನ ಕಿಂಡಿಯಲ್ಲಿ ಗಾಳಿ ಆಡುತ್ತಿತ್ತು. ಅಗ್ಗಿಷ್ಟಿಕೆಯಲ್ಲಿ ಇರುತ್ತಿದ್ದದ್ದು ಬೊಗಸೆ ಕೆಂಡ. ನಾವು ಇಟ್ಟದ್ದು ಆರು ಕಿಲೋ, ಶಟರ್ ಇಳಿಸಿದ ಶೆಡ್ಡಿನಲ್ಲಿ. ಆಗಲೂ ಯಾರಿಗೂ ಏನೂ ಆಗಿಲ್ಲ ಅಂತ ನಾನು ನಂಬುವುದಿಲ್ಲ, ಆದರೆ ಅತ್ತೆ ಹತ್ತಿರ ವಾದ ಮಾಡಲಿಲ್ಲ. ಹೋಂಸ್ಟೇ ನಡೆಸುವವರು ದಯವಿಟ್ಟು ಗೆಸ್ಟುಗಳಿಗೆ ಹೇಳಿ. ಚಳಿ ಅಂತ ಬಾರ್ಬೆಕ್ಯೂ ಕೆಂಡವನ್ನು ಟೆಂಟಿನೊಳಗೆ ಇಟ್ಟುಕೊಳ್ಳುವವರು ಇದ್ದಾರೆ.

ವೆಲ್ಡಿಂಗ್ ಅಂಗಡಿಗೆ ಫೋನ್ ಮಾಡಿದೆ. "ಎಲ್ಲರಿಗೂ ಹೀಗೇ ಮಾಡಿಕೊಡೋದು ಮೇಡಂ, ಯಾರೂ ಕಂಪ್ಲೇಂಟ್ ಹೇಳಿಲ್ಲ" ಅಂದರು. ಶೆಡ್ಡಿಗೆ ತಳ್ಳಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಕೆಳಗೂ ಮೇಲೂ ಕಿಂಡಿ ಇದ್ದು, ಮುಚ್ಚಳ ಬಿಗಿಯಾಗಿದ್ದಿದ್ದರೆ ಎರಡೂ ಮುಚ್ಚಿ ಗಾಳಿ ನಿಲ್ಲಿಸಿ ಕೆಂಡ ಆರಿಸಬಹುದಿತ್ತು. ಆ ಸಂದುಗಳಿಂದ ಕೆಂಡ ಆರಲೂ ಇಲ್ಲ, ಸರಿಯಾಗಿ ಉರಿಯಲೂ ಇಲ್ಲ. ನಮ್ಮನ್ನು ಹೆಚ್ಚುಕಡಿಮೆ ಕೊಂದದ್ದು ಆ ಅರೆಬರೆ ಬೆಂಕಿ.

ದೊಡ್ಡದೇ ಬೇಕು ಅನ್ನುವವರು ಇಷ್ಟು ನೋಡಿ. ತಗಡು ಎರಡು ಮಿಲಿಮೀಟರ್ ಇರಲಿ, ಡ್ರಮ್ಮಿನ ತೆಳು ತಗಡು ಬೇಗ ಡೊಂಕಾಗಿ ಸಂದು ಬಿಡುತ್ತದೆ. ಜಾಲರಿ ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲ್ ಕಂಬಿಯದ್ದೋ ಬೀಡು ಕಬ್ಬಿಣದ್ದೋ ಇರಲಿ. ಅಂಗಡಿಯವರು ಹೊಳೆಯುವುದನ್ನೆಲ್ಲ ಸ್ಟೀಲ್ ಅನ್ನುತ್ತಾರೆ, ಜಿಐ ಅಲ್ಲ ಅಂತ ಬರೆಸಿಕೊಳ್ಳಿ. ಮುಚ್ಚಳ ಹಾಕಿ ಒಳಗೊಂದು ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿ, ಎಲ್ಲಿ ಬೆಳಕು ಬರುತ್ತದೋ ಅಲ್ಲಿ ಗಾಳಿಯೂ ಹೋಗುತ್ತದೆ. ಸೀಮೆಎಣ್ಣೆ ಬೇಡ. ಚಿಮ್ನಿ ಸ್ಟಾರ್ಟರ್ ಅಂತ ತೂತು ಇರುವ ತಗಡಿನ ಕೊಳವೆ ಸಿಗುತ್ತದೆ, ಕೆಳಗೆ ಪೇಪರ್ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಇದ್ದಿಲು ಬೆಳ್ಳಗಾಗುತ್ತದೆ. ಕೆಂಡವನ್ನು ಒಂದೇ ಪಕ್ಕಕ್ಕೆ ಒಟ್ಟಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಕೋಳಿಯನ್ನು ಕೆಂಡದ ಮೇಲೆ ಬಾಡಿಸಿ, ಖಾಲಿ ಕಡೆ ಬೇಯಿಸಿ. ಮೂಳೆ ಹತ್ತಿರದ ಮಾಂಸ 74 ಡಿಗ್ರಿ ಮುಟ್ಟಬೇಕು. ಬೂದಿಯನ್ನು ಅವತ್ತೇ ತೋಟಕ್ಕೆ ಚೆಲ್ಲಬೇಡಿ, ಒಳಗೆ ಕೆಂಡ ಮಾರನೇ ದಿನವೂ ಇರುತ್ತದೆ. ಒಣ ತರಗು, ಕಾಫಿ ಸಿಪ್ಪೆ ಇರುವ ಜಾಗದಲ್ಲಿ ಏನಾಗುತ್ತದೆ ಅಂತ ಬೇರೆ ಹೇಳಬೇಕಾ.

ಡ್ರಮ್ಮಿಗೆ ಈಗ ಮಣ್ಣು ತುಂಬಿ ಅತ್ತೆ ಆಂಥೂರಿಯಂ ನೆಟ್ಟಿದ್ದಾರೆ. ನಾವು 57 ಸೆಂಟಿಮೀಟರಿನ ದುಂಡನೆಯ ಮುಚ್ಚಳದ ಗ್ರಿಲ್ ತಂದಿದ್ದೇವೆ. ಏಳು ಜನಕ್ಕೆ ಎರಡು ಕಿಲೋ ಇದ್ದಿಲು ಸಾಕಾಗುತ್ತದೆ. ಮೊನ್ನೆ ಮತ್ತೆ ನಡುವಲ್ಲಿ ಮಳೆ ಬಂತು. ಮೈದುನ ಮಾಂಸ ಎತ್ತಿಕೊಂಡು ಅಡುಗೆಮನೆಗೆ ಓಡಿದ, ಉಳಿದದ್ದು ಬಾಣಲೆಯಲ್ಲಿ ಬೆಂದಿತು. ಗ್ರಿಲ್ಲಿನ ಕಿಂಡಿ ಎರಡೂ ಮುಚ್ಚಿ ಕಣದಲ್ಲೇ ಬಿಟ್ಟೆವು, ನೆನೆಯಲಿ ಅಂತ.